ಅಪ್ಪ ಕೇಳಿಸಿಕೊಂಡ ಅರ್ಧ ಮಾತು

ರಾಯಚೂರು
೨೦ ನವೆಂಬರ್ ೨೦೨೪

ಪ್ರೀತಿಯ ಅವ್ವಾ,

ಹೇಗಿದ್ದೀ? ಬಾಣಂತಿ ತಂಗಿ, ಕೂಸು ಇಬ್ಬರೂ ಬೆಚ್ಚಗಿದ್ದಾರೆಯೇ? ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ಬೀಗರ ಮನೆಯೆಂದು ನಾಚಿಕೊಂಡು ಒಂದೇ ರೊಟ್ಟಿಗೆ ಏಳುವವಳು ನೀನು. ಫೋನಿನಲ್ಲಿ ನಿನಗೆ ಕಿವಿ ಕೇಳುವುದಿಲ್ಲ, ಇನ್ನೊಬ್ಬರ ಬಾಯಲ್ಲಿ ಹೇಳಿ ಕಳಿಸುವ ಮಾತೂ ಇದಲ್ಲ. ಅದಕ್ಕೇ ದೇವದುರ್ಗಕ್ಕೆ ಕ್ರೂಸರ್ ಗಾಡಿ ಓಡಿಸುವ ನಯೀಮಣ್ಣನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಅಪ್ಪನ ಶ್ವಾಸಕೋಶದ ಗಡ್ಡೆಯಿಂದ ತೆಗೆದ ಚೂರಿನ ರಿಪೋರ್ಟು ಬಂದ ದಿನ ನಾನೂ ತಮ್ಮ ಸಂಜೀವನೂ ಜೊತೆಗಿದ್ದೆವು. ಡಾಕ್ಟರಮ್ಮ ಅಪ್ಪನಿಗೆ ತಿಳಿಯುವ ಹಾಗೆ ಹೇಳಿದರು: ‘ಮಲ್ಲಯ್ಯನವ್ರ, ಕ್ಯಾನ್ಸರ್ ಜೊತಿ ಬಡಿದಾಡೋ ಬಿಳಿ ರಕ್ತಕಣ ನಿಮ್ಮ ಗಡ್ಡಿ ಒಳಗ ಬಾಳ ಹೊಕ್ಕಾವ್ರಿ. ಹಿಂಗಿದ್ದವ್ರು ಉಳಿದವರಿಗಿಂತ ಹೆಚ್ಚು ದಿನ ಬದುಕೋದು ಕಂಡದ.’ ಅಪ್ಪನ ಮುಖ ಅರಳಿತು. ಅಂಥ ಮುಖ ನೋಡಿ ಎಷ್ಟು ತಿಂಗಳಾಗಿತ್ತೋ. ಆದರೆ ಡಾಕ್ಟರಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. ‘ಎಲ್ಲರಿಗೂ ಹಂಗ ಆಗ್ತದಂತ ಹೇಳಾಕ ಬರಂಗಿಲ್ಲ. ಗಡ್ಡಿ ಆ ಕಣಗಳನ್ನ ಸುಮ್ನ ಕುಂದ್ರಿಸಿ ಬಿಡ್ತದ. ಅವನ್ನ ಎಬ್ಬಿಸಾಕ ಔಷಧ ಬೇಕು, ತಪ್ಪದ ಬರಬೇಕು’ ಎಂದರು. ಆ ಹೊತ್ತಿಗೆ ಅಪ್ಪ ಎದ್ದು ಚಪ್ಪಲಿ ಮೆಟ್ಟುತ್ತಿದ್ದ.

ಆ ಔಷಧದ ಮೊದಲನೆಯ ಸಲೈನಿಗೆ ಮಾತು ಕೇಳಿ ಬಂದ. ಆಮೇಲೆ ಮೈ ಕೆರೆತ, ಸುಸ್ತು, ಅಷ್ಟಕ್ಕೇ ಬೇಸತ್ತ. ಎರಡನೆಯದರ ದಿನ ನಾನು ಶಾಲೆಗೆ ರಜೆ ಹಾಕಿ ಆಟೋ ತಂದರೆ ಅಪ್ಪ ಮನೆಯಲ್ಲೇ ಇಲ್ಲ. ಹುಡುಕಿ ಹುಡುಕಿ ಸಂಜೆಗೆ ಮಾನ್ವಿಯಲ್ಲಿ ಸಿಕ್ಕ. ಅಕ್ಕಿ ಗಿರಣಿಯಲ್ಲಿ ಅವನ ಜೊತೆ ಚೀಲ ಹೊತ್ತ ಖಾಜಾಮಿಯಾ ಕಾಕಾನ ಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದ. ‘ನನ್ನ ಮಂದಿ ಗಡ್ಡಿ ಒಳಗ ಕುಂತಾರಂತ ಡಾಕ್ಟರೇ ಹೇಳ್ಯಾಳ. ಇನ್ನ ಸೂಜಿ ಯಾಕ ಬೇಕು?’ ಎಂದ. ಕಾಕಾ ನನ್ನ ಮುಖ ನೋಡಿ, ‘ಮಲ್ಲ್ಯಾ, ಹಮಾಲರು ಬಂದು ಕುಂತ್ರ ಸಾಕೇನು? ಚೀಲ ಎತ್ತಬೇಕಲ್ಲೋ’ ಎಂದ. ಅಪ್ಪ ನಗಲಿಲ್ಲ. ಮನೆಗೆ ಬಂದ ಮೇಲೆ ಸಂಜೀವ ಸಿಟ್ಟು ಮಾಡಿದ, ನಾನು ಕೈ ಮುಗಿದೆ. ‘ನಿಮ್ಮವ್ವಗ ಹೇಳಿದ್ರ ನೋಡು’ ಎಂಬುದೊಂದೇ ಅಪ್ಪನ ಉತ್ತರ.

ನನಗೆ ಕೋಪಕ್ಕಿಂತ ಭಯವೇ ಹೆಚ್ಚು. ಆ ಒಳ್ಳೆಯ ಸುದ್ದಿ ಬರದಿದ್ದರೇ ಚೆನ್ನಾಗಿತ್ತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಹಾಗೆ ಅನಿಸಿದ್ದಕ್ಕೆ ಮತ್ತೆ ಸಂಕಟ.

ನೀನು ಗಾಬರಿಯಾಗಿ ಓಡಿ ಬರಬೇಡ, ಕೂಸನ್ನು ತೊಟ್ಟಿಲಿಗೆ ಹಾಕುವುದು ಮುಗಿಸಿಕೊಂಡೇ ಬಾ. ಔಷಧ ತಪ್ಪಿಸಬೇಡವೆಂದು ಅಪ್ಪನಿಗೆ ನಾಲ್ಕು ಸಾಲು ಬರೆದು ಕಳಿಸಿದರೆ ಸಾಕು. ತಂಗಿಗೆ ಏನೂ ಹೇಳಬೇಡ, ಚಿಂತೆಗೆ ಹಾಲು ಬತ್ತೀತು. ಕೂಸಿಗೆ ದೊಡ್ಡವ್ವನ ಮುತ್ತು, ಬೀಗರಿಗೆಲ್ಲ ಜೈಭೀಮ್ ಹೇಳು.

ನಿನ್ನ ಮಗಳು
ಮೌನೇಶ್ವರಿ

ತಾ.ಕ.: ಮೇಲೆ ಬರೆದದ್ದನ್ನು ಬಿಡು, ತೊಟ್ಟಿಲಿಗೆ ಕಾಯಬೇಡ. ನಯೀಮಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಈಗಷ್ಟೇ ಅಪ್ಪ ಕೆಮ್ಮಿದಾಗ ಟವೆಲಿನಲ್ಲಿ ರಕ್ತ ಬಂತು. ಮುಚ್ಚಿಡಲು ಹೋದ, ಆಗಲಿಲ್ಲ. ಗೋಡೆಗೆ ಒರಗಿ ಕೂತು ತಾನೇ ಹೇಳಿದ: ‘ನಿಮ್ಮವ್ವನ್ನ ಕರಸು. ಆಕಿ ಬಾಜೂಕ ಕುಂತ್ರ ಸೂಜಿ ಹಾಕಿಸ್ಕೋತೀನಿ. ದವಾಖಾನ್ಯಾಗ ಒಬ್ಬನ ಮಲಗಾಕ ಅಂಜಿಕಿ ಬರ್ತದ.’ ಸಂಜೀವ ಈಗಲೇ ಅವನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾನೆ. ನಯೀಮಣ್ಣ ಮರಳುವಾಗ ಅದೇ ಗಾಡಿಯಲ್ಲಿ ಬಂದುಬಿಡು, ಅವ್ವಾ.