ಹಿತ್ತಾಳೆ ಸರ ನೋಡಿ ನನ್ನನ್ನು ಸಾಹುಕಾರನೆಂದವರಿಗೆ

ಸಾಲ ಪರಿಹಾರ ಕಚೇರಿಯ ಮುಖ್ಯಾಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚು. ಸಮಾಜದ ಒಳಿತಿಗಾಗಿ ಬರೆಯುತ್ತಿದ್ದೇನೆ ಎಂದು ಗಂಟಲು ಸರಿಮಾಡಿಕೊಳ್ಳುವಷ್ಟು ವ್ಯವಧಾನ ನನಗಿಲ್ಲ. ಮುಂದಿನ ತಿಂಗಳು ನನ್ನ ಮನೆ ಹರಾಜಿಗೆ ಬರುತ್ತದೆ. ಅದೇ ಬೀದಿಯಲ್ಲಿ, ಅದೇ ಬ್ಯಾಂಕಿನಿಂದ ಸಾಲ ತಂದು ಕಟ್ಟಿದ ನನ್ನ ಷಡ್ಡಕನ ಮನೆ ಉಳಿಯುತ್ತದೆ. ಇಬ್ಬರ ಅರ್ಜಿಯನ್ನೂ ಒಂದೇ ದಿನ, ಒಂದೇ ಮೇಜಿನ ಹಿಂದೆ ಕುಳಿತು ಕೇಳಿದವರು ತಾವು. ಅವನಿಗೆ ಪರಿಹಾರ ಕೊಟ್ಟಿರಿ, ನನಗೆ ಬುದ್ಧಿಮಾತು ಕೊಟ್ಟಿರಿ. ಈಗ ಬೆಳಿಗ್ಗೆ ಕಿಟಕಿ ತೆಗೆದರೆ ಅವನು ತನ್ನ ಗೇಟಿಗೆ ಹಸಿರು ಬಣ್ಣ ಬಳಿಯುತ್ತಿರುತ್ತಾನೆ. ಆ ಬ್ರಷ್ಷು ನನ್ನ ಎದೆಯ ಮೇಲೆ ಓಡಾಡಿದಂತಾಗುತ್ತದೆ.

ನಾನು ವೇಷದಂಗಡಿಯವನು. ನಾಟಕಗಳಿಗೆ, ಶಾಲೆಗಳಿಗೆ ಬಾಡಿಗೆಗೆ ವೇಷ ಕೊಡುತ್ತೇನೆ. ನನ್ನ ಅಂಗಡಿಯಲ್ಲಿ ರಾಜನಿದ್ದಾನೆ, ಮಂತ್ರಿಯಿದ್ದಾನೆ, ಕಳ್ಳನಿದ್ದಾನೆ, ಹುಲಿಯೂ ಇದೆ. ಅಪ್ಪ ನಾಟಕದ ಕಂಪನಿಯಲ್ಲಿ ಉಡುಪಿನ ಪೆಟ್ಟಿಗೆ ಕಾಯುತ್ತಿದ್ದವನು. ಆ ಪೆಟ್ಟಿಗೆಯೇ ನನ್ನ ತೊಟ್ಟಿಲು. ಹೆಣದ ಪಾತ್ರ ಮಾಡಿದವನೂ ಕೊನೆಗೆ ಸಭೆಗೆ ಕೈಮುಗಿಯುವಾಗ ಶುಭ್ರವಾದ ಅಂಗಿ ತೊಟ್ಟಿರಬೇಕು ಎಂಬುದು ಅವನ ಕಟ್ಟಳೆ. ಅಂಥ ಮನೆಯಲ್ಲಿ ಬೆಳೆದವನು ತಮ್ಮ ಸನ್ನಿಧಿಗೆ ಎಂಥ ಉಡುಪಿನಲ್ಲಿ ಬಂದಾನು? ಸ್ವಲ್ಪ ಊಹಿಸಿ.

ಮೊದಲು ಸಾಲದ ಕತೆ ಚುಟುಕಾಗಿ ಮುಗಿಸುತ್ತೇನೆ. ಕೆಳಗೆ ಅಂಗಡಿ, ಮೇಲೆ ಮನೆ, ಎರಡಕ್ಕೂ ಸೇರಿ ಒಂದೇ ಸಾಲ. ಶಾಲೆಗಳು ಅಗ್ಗದ ರೆಡಿಮೇಡ್ ರಾಜರನ್ನು ಕೊಂಡುಕೊಳ್ಳಲು ಶುರುಮಾಡಿದ ಮೇಲೆ ನನ್ನ ರಾಜರು ನಿರುದ್ಯೋಗಿಗಳಾದರು. ಬಡ್ಡಿ ಮಾತ್ರ ಕೆಲಸ ಬಿಡಲಿಲ್ಲ. ಮನೆಯ ಕಂತಿಗೆ ಕ್ರೆಡಿಟ್ ಕಾರ್ಡು ಉಜ್ಜಿದೆ, ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು ಉಜ್ಜಿದೆ. ಕೊನೆಗೆ ಬಾಗಿಲಿಗೆ ಹರಾಜಿನ ನೋಟೀಸು ಅಂಟಿತು. ನನ್ನ ಷಡ್ಡಕ, ಅಂದರೆ ನಾದಿನಿಯ ಗಂಡ, ಸೋಫಾ ಹೊಲಿಯುವವನು. ಅವನದೂ ಇದೇ ಹಾಡು. ನಮ್ಮ ದುಃಖದಲ್ಲಿ ಒಂದು ನೂಲಿನ ವ್ಯತ್ಯಾಸವೂ ಇರಲಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ವಿಚಾರಣೆಯ ಹಿಂದಿನ ದಿನ ಅವನು ನನ್ನ ಅಂಗಡಿಗೆ ಬಂದ.

"ಭಾವ, ಆ ಭಿಕ್ಷುಕನ ವೇಷ ಒಂದಿನಕ್ಕೆ ಕೊಡಿ."

"ಯಾವ ನಾಟಕ?"

"ನಾಳೆ ಸಾಲದ ಕಚೇರೀಲಿ. ನನ್ ಹತ್ರ ಹರಿದಿರೋ ಅಂಗೀನೇ ಇಲ್ಲ ಭಾವ. ಇರೋದೆಲ್ಲ ಥಳಥಳ ಅನ್ನೋವು, ಎಲ್ಲಾ ಕಾರ್ಡಲ್ಲಿ ತಗೊಂಡಿದ್ದು."

"ಥೂ, ನಾಚಿಕೆ ಆಗಲ್ವೇನೋ? ನಾಲ್ಕು ಜನರ ಮುಂದೆ ಹೀಗೆ ಹೋಗ್ತಾರಾ?"

"ನಾಚಿಕೆ ಮನೆ ಉಳಿದ ಮೇಲೆ ಪಡ್ತೀನಿ. ಬಾಡಿಗೆ ಎಷ್ಟು?"

ಬಾಡಿಗೆ ಬೇಡವೆಂದೆ. ದೊಡ್ಡಸ್ತಿಕೆ ನನ್ನದು. ಮರುದಿನ ನಾನು ಕಪಾಟಿನಲ್ಲಿದ್ದ ಮಂತ್ರಿಯ ಜರಿ ಕೋಟು ತೊಟ್ಟೆ, ಕೊರಳಿಗೆ ಹಿತ್ತಾಳೆಯ ಸರ, ಬೆರಳಿಗೆ ಗಾಜಿನ ಉಂಗುರ. ಸಭೆ ಎಂದರೆ ಸಭೆ. ತಾವು ತಲೆಯೆತ್ತಿ ನನ್ನನ್ನು ಕಾಲಿನಿಂದ ಕೊರಳಿನವರೆಗೆ ನೋಡಿದಿರಿ. ಕೊರಳಲ್ಲಿ ನಿಂತಿರಿ.

"ಅನುಕೂಲಸ್ಥರ ಥರ ಇದೀರಲ್ಲ. ಆ ಸರ ಮಾರಿದ್ರೆ ಎಷ್ಟು ಕಂತು ತೀರುತ್ತೆ ಗೊತ್ತಾ?"

ಅದು ಹಿತ್ತಾಳೆ ಎಂದು ನಾನೇಕೆ ಹೇಳಲಿಲ್ಲ ಎಂದು ತಾವು ಕೇಳಬಹುದು. ಸ್ವಾಮಿ, ಕಿರೀಟ ರಟ್ಟಿನದ್ದೆಂದು ಸಭೆಗೆ ಹೇಳುವವನು ನಮ್ಮ ಕಸುಬಿನಲ್ಲಿ ಹುಟ್ಟಿಲ್ಲ. ಮೇಲಾಗಿ, ನಿಜ ಹೇಳಬೇಕೆಂದರೆ, ಬಹಳ ವರ್ಷಗಳ ನಂತರ ಯಾರೋ ನನ್ನ ವೇಷವನ್ನು ನಂಬಿದ್ದರು. ಒಂದು ಗಳಿಗೆ ಹಿಗ್ಗಿದೆ. ಆ ಗಳಿಗೆಯಲ್ಲೇ ತಾವು 'ತೀರಿಸಲು ಶಕ್ತರು' ಎಂದು ಬರೆದು ಮುಗಿಸಿದ್ದಿರಿ.

"ಬೇರೆ ದಾರಿ ಏನಾದ್ರೂ ಇದೆಯಾ ಸರ್?" ಎಂದೆ.

"ಇದ್ರೆ ಬೋರ್ಡ್‌ನಲ್ಲಿ ಹಾಕಿರ್ತೀವಿ. ಓದ್ಕೊಳ್ಳಿ," ಎಂದಿರಿ.

ಎಲ್ಲಿದೆ ಬೋರ್ಡು? ನಾಲ್ಕು ಗೋಡೆ ಹುಡುಕಿದೆ. ಕ್ಯಾಲೆಂಡರಿತ್ತು, ಗಡಿಯಾರವಿತ್ತು, ಎಲ್ಲೆಂದರಲ್ಲಿ ಉಗುಳಬೇಡಿ ಎಂಬ ಆಜ್ಞೆಯಿತ್ತು. ಹತಾಶನಾಗಿ ಹೊರಬಂದು ಜಗುಲಿಯ ಮೇಲೆ ಕುಳಿತೆ. ಊಟದ ಹೊತ್ತಾಗಿ ಜವಾನ ಬಾಗಿಲು ಮುಚ್ಚಿದ. ಆಗ, ಪರದೆ ಸರಿದಂತೆ, ಹೊರಕ್ಕೆ ತೆರೆಯುವ ಆ ಬಾಗಿಲ ಹಿಂದಿನ ಗೋಡೆಯ ಮೇಲೆ ದರ್ಶನ ಕೊಟ್ಟಿತು ತಮ್ಮ ಫಲಕ. ಕಚೇರಿ ತೆರೆದಿರುವಷ್ಟು ಹೊತ್ತೂ ತೆರೆದ ಬಾಗಿಲೇ ಅದನ್ನು ಮುಚ್ಚಿರುತ್ತದೆ. ಸಾರ್ವಜನಿಕರಿಗೆ ಮಾಹಿತಿ ಸಿಗುವುದು ಸಾರ್ವಜನಿಕರಿಗೆ ಪ್ರವೇಶವಿಲ್ಲದಾಗ ಮಾತ್ರ. ಈ ರಂಗಸಜ್ಜಿಕೆ ಮಾಡಿದವರು ಯಾರು? ಅವರಿಗೆ ನಾನು ಹಾರ ಹಾಕಬೇಕು.

ಏನಿತ್ತು ಅದರಲ್ಲಿ? ಕಂತನ್ನು ತಗ್ಗಿಸಿ ಅವಧಿ ಹೆಚ್ಚಿಸಿಕೊಳ್ಳಬಹುದು. ಬ್ಯಾಂಕಿನೊಂದಿಗೆ ಕಚೇರಿಯ ಸಮ್ಮುಖದಲ್ಲೇ ರಾಜಿ ಮಾಡಿಕೊಂಡು ದಂಡದ ಬಡ್ಡಿ ಬಿಡಿಸಿಕೊಳ್ಳಬಹುದು. ಕಾರ್ಡುಗಳ ಬಾಕಿಯನ್ನೆಲ್ಲ ಒಂದೇ ಕಂತಿಗೆ ತರಬಹುದು. ಯಾವುದೂ ಆಗದಿದ್ದರೆ, ವಾಸದ ಮನೆಯನ್ನು ಉಳಿಸಿಕೊಡಿ ಎಂದು ಕೇಳಿಕೊಂಡೇ ದಿವಾಳಿ ಅರ್ಜಿ ಹಾಕಬಹುದು. ವಕೀಲರನ್ನಿಡಲು ಶಕ್ತಿಯಿಲ್ಲದವರಿಗೆ ಹಿಂದಿನ ಕೋಣೆಯಲ್ಲಿ ಉಚಿತ ವಕೀಲರಿದ್ದಾರೆ. ಆದೇಶ ಒಪ್ಪದವರು ಮರುವಿಚಾರಣೆ ಕೇಳಬಹುದು, ಅದು ಮುಗಿಯುವ ತನಕ ಹರಾಜಿಗೆ ತಡೆ ಬೇಡಬಹುದು. ಇಷ್ಟೊಂದು ಬಾಗಿಲುಗಳು, ಒಂದು ಬಾಗಿಲಿನ ಹಿಂದೆ.

ಷಡ್ಡಕನಿಗೆ ಇದೆಲ್ಲ ಹೇಗೆ ತಿಳಿಯಿತು? ಭಿಕ್ಷುಕನ ವೇಷದಲ್ಲಿ ಬೀದಿಯವರ ಕಣ್ಣಿಗೆ ಬೀಳಬಾರದೆಂದು ಅವನು ಬೆಳಕು ಹರಿಯುವ ಮುನ್ನವೇ ಬಂದು ತಮ್ಮ ಮುಚ್ಚಿದ ಬಾಗಿಲ ಮುಂದೆ ಕುಳಿತಿದ್ದನಂತೆ. ಬೆಳಕಾದ ಮೇಲೆ ಹೊತ್ತು ಹೋಗದೆ ಫಲಕ ಓದಿದ. ಒಳಗೆ ಬಿಟ್ಟೊಡನೆ ಹಿಂದಿನ ಕೋಣೆಗೆ ಹೋಗಿ ವಕೀಲೆಯನ್ನು ಹಿಡಿದ. ನಾಚಿಕೆಗೇಡಿ ಎಂದು ಯಾರನ್ನು ಬೈದೆನೋ ಅವನಿಗೆ ನಾಚಿಕೆಯೇ ದಾರಿ ತೋರಿಸಿತು. ಇದಕ್ಕಿಂತ ಉರಿಯುವ ಸಂಗತಿ ಇನ್ನೇನಿದೆ ಹೇಳಿ.

ಅವನಿಗೆ ಸಿಕ್ಕಿದ್ದನ್ನು ಕಸಿದುಕೊಳ್ಳಿ ಎಂದು ನಾನು ಬರೆಯುತ್ತಿಲ್ಲ. ಮೊದಲ ಮೂರು ಕರಡುಗಳಲ್ಲಿ ಹಾಗೆಯೇ ಬರೆದಿದ್ದೆ. ಹೆಂಡತಿ ಓದಿ ಹರಿದು ಹಾಕಿದಳು.

"ರೀ, ಅವರ ಮನೆ ಉಳೀತು ಅಂತ ಉರ್ಕೋಬೇಡಿ. ನಮ್ದು ಹೋಗ್ತಿದೆ ಅಂತ ಉರ್ಕೊಳ್ಳಿ. ಅದಕ್ಕಾದ್ರೆ ಅರ್ಜಿ ಕೊಡಬಹುದು."

ಅವಳು ಹೇಳಿದ್ದು ಸರಿ. ಷಡ್ಡಕನ ಸಾಲ ನಿಜ, ಬಡತನ ನಿಜ. ನನ್ನಿಂದ ಒಯ್ದ ಹರಕು ಬಟ್ಟೆ ನಿಜವನ್ನೇ ಹೇಳಿತು. ಸುಳ್ಳು ಹೇಳಿದ್ದು ನನ್ನ ಜರಿ ಕೋಟು. ಆದರೆ ಮಾನ್ಯರೇ, ಬಟ್ಟೆ ನೋಡಿ ನ್ಯಾಯ ಕೊಡುವುದಾದರೆ ತಾವೇಕೆ ಬೇಕು? ಆ ಕುರ್ಚಿಯಲ್ಲಿ ಒಬ್ಬ ದರ್ಜಿಯನ್ನು ಕೂರಿಸಿದರೆ ಸಾಲದೆ? ಅವನಾದರೂ ಜರಿ ನಕಲಿಯೆಂದು ಮುಟ್ಟಿ ಹೇಳುತ್ತಿದ್ದ.

ಆದ್ದರಿಂದ ನನ್ನ ಬೇಡಿಕೆ ಇದು. ನನ್ನ ಅರ್ಜಿಯನ್ನು ಮರುವಿಚಾರಣೆಗೆ ತೆಗೆದುಕೊಳ್ಳಿ, ಅಲ್ಲಿಯವರೆಗೆ ಹರಾಜನ್ನು ತಡೆಯಿರಿ. ವಕೀಲೆ ನನ್ನ ಪರವಾಗಿಯೂ ಬರುತ್ತಾರೆ. ನಾನು ನೂಲು ಅಂಟಿದ ಕೆಲಸದ ಅಂಗಿಯಲ್ಲೇ ಬರುತ್ತೇನೆ. ಸರವನ್ನು ತಂದು ತಮ್ಮ ಮೇಜಿನ ಮೇಲಿಡುತ್ತೇನೆ, ಉಜ್ಜಿ ನೋಡಿಕೊಳ್ಳಿ. ಮತ್ತೆ, ಆ ಫಲಕವನ್ನು ದಯವಿಟ್ಟು ಬೀದಿಗೆ ಮುಖಮಾಡಿ ನೇತುಹಾಕಿ. ನನ್ನಂತೆ ಬೆಳಕು ಹರಿದ ಮೇಲೆ ಬರುವ ಮಾನವಂತರೂ ಊರಲ್ಲಿದ್ದಾರೆ.

ನಿನ್ನೆ ಷಡ್ಡಕ ವೇಷವನ್ನು ಒಗೆದು, ಇಸ್ತ್ರಿ ಹೊಡೆದು ತಂದುಕೊಟ್ಟ. ಇನ್ನು ಅದು ಯಾವ ಭಿಕ್ಷುಕನಿಗೂ ಒಪ್ಪುವುದಿಲ್ಲ. ಜೊತೆಗೆ ಅರ್ಧ ಡಬ್ಬ ಹಸಿರು ಬಣ್ಣ. "ಮಿಕ್ಕಿದೆ ಭಾವ, ನಿಮ್ಮ ಗೇಟಿಗಿರಲಿ," ಎಂದ. ಡಬ್ಬ ಮೆಟ್ಟಿಲ ಕೆಳಗಿದೆ. ಮುಚ್ಚಳ ತೆಗೆಯಲು ನನಗಿನ್ನೂ ಧೈರ್ಯವಿಲ್ಲ. ಬಣ್ಣ ಒಳಗೇ ಗಟ್ಟಿಯಾಗುವ ಮುನ್ನ ತಮ್ಮ ಉತ್ತರ ಬರಲಿ.

ಇಂತಿ,
ತಮ್ಮ ದಾಖಲೆಗಳಲ್ಲಿ ಮಾತ್ರ ಶ್ರೀಮಂತನಾಗಿರುವ
ವೇಷದಂಗಡಿಯವನು
(ಹಸಿರು ಗೇಟಿನ ಎದುರು ಮನೆ)