ಗಾಜಿನ ಲೋಟದಲ್ಲಿ ಬೆಳಚಿನ ಚಿಪ್ಪು

ಕಾನಸೂರು
೧೨ ಡಿಸೆಂಬರ್ ೨೦೨೪

ಅಮ್ಮಾ,

ನಿನ್ನ ಪ್ರತಿಭಾಳ ನಮಸ್ಕಾರ. ಮೊಣಕಾಲು ಹೇಗಿದೆ? ನಾಲ್ಕು ದಿನ ನೀರಿಗಿಳಿದು ಬೆಳಚು, ಚಿಪ್ಪುಮೀನು ಅಂತ ಆರಿಸುತ್ತ ಕೂರಬೇಡ ಎಂದರೆ ಕೇಳುವವಳಲ್ಲ ನೀನು. ಫೋನಿನಲ್ಲಿ ವಿಚಾರಿಸಿದರೆ "ಎಲ್ಲ ಅರಾಮ, ನೀ ಉಂಡ್ಯಾ?" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಕನ್ನಡಕ ಹಾಕಿಕೊಂಡು ನೀನೇ ಓದು.

ಸಿದ್ದಾಪುರದ ಸಂತೆಯಿಂದ ಎರಡು ವಾರವೂ ಬೆಳಚು ತುಂಬಿದ ಬುಟ್ಟಿಯನ್ನು ಹಾಗೇ ಹೊತ್ತು ಘಟ್ಟ ಇಳಿದೆಯಂತೆ, ತಮ್ಮ ಹೇಳಿದ. ಇಪ್ಪತ್ತು ವರ್ಷದ ಗಿರಾಕಿಗಳೇ ಮುಖ ತಿರುಗಿಸಿದರಂತೆ. "ಸಮುದ್ರಕ್ಕೆ ಆಸಿಡ್ ಬಿದ್ದದೆ ಅಂತ ಹೇಳ್ದವ್ರ ನಾಲ್ಗೆ ಬಿದ್ದೋಗ್ಲಿ" ಎಂದು ಬಸ್ಸಿನಲ್ಲೇ ಶಾಪ ಹಾಕಿದೆಯಂತೆ. ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ನನ್ನ ಕೆಲಸ ಏನೆಂದು ಯಾವಾಗಲೂ ಕೇಳುತ್ತೀಯಲ್ಲ. ಗಾಡಿ, ಕಾರ್ಖಾನೆಗಳ ಹೊಗೆಯ ಒಂದು ಪಾಲನ್ನು ಸಮುದ್ರ ಕುಡಿಯುತ್ತದೆ. ಅದರಿಂದ ನೀರಿನ ಗುಣ ಚೂರುಚೂರೇ ಹುಳಿಯತ್ತ ಬದಲಾಗಿ, ಮುಂದೆ ಮರಿ ಬೆಳಚುಗಳಿಗೆ ಚಿಪ್ಪು ಕಟ್ಟುವುದು ಕಷ್ಟವಾಗಬಹುದು. ಇಷ್ಟೇ ವಿಷಯ. ಇದನ್ನು ಮೂರು ತಾಲ್ಲೂಕು ಸುತ್ತಿ ಹೇಳಿ ಹೇಳಿ ನನ್ನ ಗಂಟಲು ಹೋಗಿದೆ. ಶಿರಸಿಯ ಕಾಲೇಜಿನಲ್ಲಿ ಗ್ರಾಫ್ ತೋರಿಸಿದೆ, ಪರೀಕ್ಷೆಗೆ ಬರುತ್ತದಾ ಎಂದು ಕೇಳಿದರು. ಮಂಚಿಕೇರಿಯ ತೋಟದವರಿಗೆ ಅಡಿಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣದ ಉದಾಹರಣೆ ಕೊಟ್ಟೆ. ಸುಣ್ಣ ಕಡಿಮೆಯಾಗಿ ಹುಳಿ ಹೆಚ್ಚಿದರೆ ಅದ್ದಿದ ಕತ್ತಿ ಕೆಂಪಾಗುತ್ತದಲ್ಲ, ಸಮುದ್ರದ ನೀರೂ ಹಾಗೆ ಎಂದೆ. ತಲೆಯಾಡಿಸಿದರು, ಆಮೇಲೆ ಒಂದು ಗಂಟೆ ಕೊಳೆರೋಗದ್ದೇ ಮಾತು. "ಅದೆಲ್ಲ ಸರಿ ತಂಗೀ, ಸಮುದ್ರ ತಗೊಂಡು ನಾವೆಂತ ಮಾಡುದು?" ಎಂದು ಒಬ್ಬರು ಕೇಳಿದರು. ಸಾಕಾಗಿಹೋಗಿತ್ತು ಅಮ್ಮಾ.

ಇಲ್ಲಿ ಕಾನಸೂರಿನ ಹೆಂಗಸರ ಸಂಘದಲ್ಲಿ ಅರ್ಧ ಜನ ಆಕಳಿಸುತ್ತಿದ್ದರು. ನನಗೂ ಸಿಟ್ಟು ಬಂತು. ನೀನು ಕೊಟ್ಟಿದ್ದ ಬೆಳಚಿನ ಚಿಪ್ಪೊಂದನ್ನು ಗಾಜಿನ ಲೋಟಕ್ಕೆ ಹಾಕಿ, ಬಚ್ಚಲು ತೊಳೆಯುವ ಆಸಿಡ್ ಸುರಿದೆ. ಬುಸ್ಸೆಂದು ನೊರೆ ಎದ್ದಿತು. "ಅಬ್ಬಬ್ಬಾ!" ಎಂದು ಎಲ್ಲರೂ ಎದ್ದು ನಿಂತರು. ಸಮುದ್ರದಲ್ಲೂ ಹೀಗೇ ಆಗುತ್ತಿದೆ ಎಂದುಬಿಟ್ಟೆ. ಆರು ತಿಂಗಳಲ್ಲಿ ಮೊದಲ ಚಪ್ಪಾಳೆ. ಅದೇ ಅಮಲಿನಲ್ಲಿ ಸಿದ್ದಾಪುರದಲ್ಲೂ ಬಿಳಗಿಯಲ್ಲೂ ಅದನ್ನೇ ಮಾಡಿದೆ. ಅಲ್ಲೂ ಚಪ್ಪಾಳೆ ಬಿತ್ತು.

ತಮ್ಮನ ಮೇಲೆ ರೇಗಬೇಡ, ನಾನೇ ಒತ್ತಾಯಿಸಿ ಬಾಯಿ ಬಿಡಿಸಿದ್ದು. ಚಿಕ್ಕಮ್ಮನನ್ನು ಕೇಳಿದೆನೆಂದು ಹೇಳು. ಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ಮಗಳು,
ಪ್ರತಿಭಾ

ಮರೆತದ್ದು: ಇಲ್ಲ, ಮರೆತಿರಲಿಲ್ಲ, ಬರೆಯುವ ಧೈರ್ಯವಿರಲಿಲ್ಲ. ನಿನ್ನೆ ಸಂಘದ ಸೀತಮ್ಮ ಮನೆಗೆ ಕರೆದು ಬರೀ ತಿಳಿಸಾರು ಬಡಿಸಿದಳು. "ಮೀನು, ಬೆಳಚು ಎಂತದೂ ಇಲ್ಲ. ಸಮುದ್ರದ ತುಂಬ ಆಸಿಡ್ ಅಂತ ನೀವೇ ತೋರಿಸ್ಲಿಲ್ವಾ? ಗೌರಕ್ಕನ ಹತ್ರ ತಗೊಳ್ಳುದೇ ಬಿಟ್ವಿ" ಎಂದಳು. ಗೌರಕ್ಕ ಎಂದರೆ ನೀನೇ. ಗೌರಕ್ಕನ ಮಗಳೇ ನಾನು ಎನ್ನದೆ ಕೈ ತೊಳೆದು ಎದ್ದುಬಂದೆ. ನೀನು ಶಾಪ ಹಾಕಿದ ನಾಲಿಗೆ ನನ್ನದೇ ಅಮ್ಮಾ. ಬರುವ ಸಂತೆಗೆ ಬುಟ್ಟಿ ತುಂಬಿಕೊಂಡು ಬಾ. ಒಲೆ ಹಿಡಿದುಕೊಂಡು ಬಂದು ನಿನ್ನ ಪಕ್ಕ ಕೂರುತ್ತೇನೆ, ಬೇಯಿಸಿ ಎಲ್ಲರೆದುರೇ ತಿನ್ನುತ್ತೇನೆ. ಬೈಗುಳವನ್ನು ಅಲ್ಲಿಯವರೆಗೆ ಇಟ್ಟುಕೊ, ಸಂತೆಯ ನಡುವೆ ನಿಂತು ಗಟ್ಟಿಯಾಗಿ ಬೈ. ನಾನು ಹೇಳಿದ್ದು ಯಾರಿಗೂ ಸರಿಯಾಗಿ ತಿಳಿಯಲಿಲ್ಲ, ನೀನು ಬೈದರೆ ಎಲ್ಲರಿಗೂ ತಿಳಿಯುತ್ತದೆ.