ಕಾಶಪ್ಪನಿಗೆ ಬಂದ ಹೆಣ್ಣು

ಸಯನ್, ಮುಂಬಯಿ
೧೪ ಜುಲೈ ೧೯೫೩

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಮಹನೀಯರೇ, ಮುಂದಿನ ಸಾಲಿನಲ್ಲಿ ನಿದ್ದೆ ಹೋಗಿರುವ ಮಾನನೀಯರೇ! ಗಡಿಯಲ್ಲಿ ಬಂದೂಕು ಹಿಡಿದ ವೀರನೊಬ್ಬನಿಗೆ ಹೆಣ್ಣು ಬಂದ ಸಂಗತಿಯನ್ನು ಈ ಸಭೆಯ ಮುಂದಿಡುತ್ತಿದ್ದೇನೆ. ವರನಿಗೆ ಮಾತ್ರ ಇನ್ನೂ ಗೊತ್ತಿಲ್ಲ.

ಪ್ರೀತಿಯ ತಂಗಿ ಕಾಶವ್ವ, ಆ ವರ ನೀನೇ.

ಹೇಗಿದ್ದೀ? ಕೆಮ್ಮು ಇಳಿಯಿತೇ? ಧಾರವಾಡದ ಮಳೆಯಲ್ಲಿ ಛತ್ರಿಯಿಲ್ಲದೆ ಶಾಲೆಗೆ ಪಾಠ ಹೇಳಲು ಹೋಗಬೇಡ. ಇಲ್ಲಿ ನಿನ್ನ ಅತ್ತಿಗೆ ಮೋಹಿನಿ ಕ್ಷೇಮ. ನನಗೆ ಬೆಳಿಗ್ಗೆ ಲೋಕಲ್‌ನ ದಾಳಿ, ಹಗಲೆಲ್ಲ ಆಫೀಸಿನ ಪಾಳಿ, ಸಂಜೆಗೆ ಚಾಳಿನ ಖೋಲಿ. ಪ್ರಾಸ ಕೂಡಿತು, ಮನಸ್ಸು ಮಾತ್ರ ಕೂಡಿಲ್ಲ.

ಮೊನ್ನೆ ಭಾನುವಾರ ಮುರಿಗೆಪ್ಪ ಬಂದಿದ್ದ. ಹೌದು, ಗಡಿಯ ಶಿಬಿರದಲ್ಲಿ ನಿನ್ನ ಪಕ್ಕದಲ್ಲೇ ಮಲಗುತ್ತಿದ್ದವನು. ಈಗ ಬಾಂದ್ರಾದಲ್ಲಿ ಜೋಳದ ಅಂಗಡಿ ಇಟ್ಟಿದ್ದಾನೆ. ಯಾರೋ ನನ್ನ ಊರಿನ ಹೆಸರು ಹೇಳಿದ್ದಕ್ಕೆ ಹುಡುಕಿಕೊಂಡು ಬಂದವನು, ನನ್ನ ಮೂಗು ನೋಡಿ, “ಕಾಶಪ್ಪನ ಅಣ್ಣಾರs ಅಲ್ಲೇನ್ರಿ?” ಎಂದ. ಒಳಗಿನಿಂದ ಮೋಹಿನಿ, “ನಿಮಗ ತಮ್ಮ ಯಾವಾಗ ಹುಟ್ಟಿದ್ನರೀ?” ಎಂದಳು. ನನ್ನ ಕೈಯ ಬಸಿಯಲ್ಲಿದ್ದ ಚಹಾ ಧೋತರಕ್ಕೆ ಬಿತ್ತು.

ನಿಜಾಮನ ರಜಾಕಾರರ ಹಾವಳಿಯಲ್ಲಿ ನೀನು ಜಡೆ ಕತ್ತರಿಸಿ, ನನ್ನ ಅಂಗಿ ತೊಟ್ಟು, ಕಾಶಪ್ಪನಾಗಿ ಶಿಬಿರ ಸೇರಿದ್ದು ಅವ್ವನನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ತಿಳಿಯದು. ಗಂಡಸರ ನಡುವೆ ತಿಂಗಳುಗಟ್ಟಲೆ ಇದ್ದವಳೆಂದು ಗೊತ್ತಾದರೆ ನಿಮ್ಮ ಹೆಣ್ಣುಮಕ್ಕಳ ಶಾಲೆಯ ಮಂಡಳಿ ಮರುದಿನವೇ ನಿನ್ನನ್ನು ಮನೆಗೆ ಕಳಿಸುತ್ತದೆ. ಆದರೆ ಆ ಭೋಳೆ ಮುರಿಗೆಪ್ಪನಿಗೆ ಕಾಶಪ್ಪನ ಶಿವಭಕ್ತಿಯದೇ ಧ್ಯಾನ. ನಸುಕಿನಲ್ಲಿ ಒಬ್ಬನೇ ಹಳ್ಳಕ್ಕೆ ಹೋಗಿ ಸ್ನಾನ, ಯಾರಿಗೂ ಕಾಣದಂತೆ ಮೈತುಂಬ ಕಂಬಳಿ ಹೊದ್ದು ಲಿಂಗಪೂಜೆ, ಎಂಥ ಸೆಕೆಯಲ್ಲೂ ಅಂಗಿ ಕಳೆಯದ ನೇಮ! “ಅಂಥಾ ನಿಷ್ಠಾ ನಾ ಮಠದಾಗೂ ಕಂಡಿಲ್ರಿ. ನನ್ನ ಕಾಲಿಗೆ ಗುಂಡು ಬಿದ್ದಾಗ ನನ್ನನ್ನ ತನ್ನ ಹೆಗಲ ಮ್ಯಾಲ ಹೊತ್ಗೊಂಡು ಬಂದಾಂವ. ನನ್ನ ತಂಗೀನ್ನ ಅವಗs ಕೊಡಾಂವ ನಾ,” ಎಂದ.

ನಾನೇನು ಕಡಿಮೆಯೇ? ಕಾಶಪ್ಪ ಸನ್ಯಾಸಿಯಾಗಿ ಹಿಮಾಲಯಕ್ಕೆ ಹೋದ, ವಿಳಾಸವಿಲ್ಲ ಎಂದೆ. ನಂಬಿದ, ಚಹಾ ಕುಡಿದ, ಕೈಮುಗಿದು ಹೋದ. ಅಲ್ಲಿಗೆ ಪ್ರಕರಣ ಮುಗಿಯಿತು. ನೀನು ನಿಶ್ಚಿಂತೆಯಿಂದ ಇರು. ಆದರೂ ಇದನ್ನು ಓದಿ ಒಲೆಗೆ ಹಾಕು. ಮೆಟ್ಟಿಲ ಮೇಲೆ ಸದ್ದಾದರೆ ಸಾಕು, ನಾನು ಬಾಗಿಲ ಕಡೆ ನೋಡುತ್ತೇನೆ.

ಅವ್ವನಿಗೆ ನಮಸ್ಕಾರ ತಿಳಿಸು. ನಿನಗೆ ಆಯುಷ್ಯವೂ ಸುಂಠಿ ಕಷಾಯವೂ ತಪ್ಪದಿರಲಿ.

ನಿನ್ನ ಅಣ್ಣ,
ಶಿವಪುತ್ರಪ್ಪ

ತಾ.ಕ.: ಕಾಶವ್ವ, ಹಿಮಾಲಯ ಸುಳ್ಳು. ಗಾಬರಿಯಲ್ಲಿ ನಾನು ಅಂದದ್ದು, ಕಾಶಪ್ಪ ತೀರಿಕೊಂಡ ಎಂದು. ಮುರಿಗೆಪ್ಪ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತ. ಅವನನ್ನು ಹೂಳಿದ ಗದ್ದುಗೆ ಎಲ್ಲಿದೆ ಹೇಳಿರಿ, ಕಾಯಿ ಒಡೆದು ಬರುತ್ತೇನೆ ಎಂದ. ನನಗೆ ತಡೆಯಲಾಗಲಿಲ್ಲ, ನಿಜ ಹೇಳಿಬಿಟ್ಟೆ, ನಿನ್ನ ಶಾಲೆಯ ಹೆಸರನ್ನೂ. ಮೋಹಿನಿಯೂ ಕೇಳಿಸಿಕೊಂಡಳು, ನನ್ನೊಡನೆ ಇನ್ನೂ ಮಾತಾಡಿಲ್ಲ. ಅವನು, “ಆ ತಾಯೀಗೆ ಲೇ ಕಾಶ್ಯಾ ಅಂದೆನಲ್ರೀ! ಬೀಡಿ ಸೇದು ಅಂತ ಗಂಟುಬಿದ್ದೆನಲ್ರೀ!” ಎಂದು ಗಲ್ಲ ಬಡಿದುಕೊಂಡ. ಎಷ್ಟು ಬೇಡವೆಂದರೂ ಕೇಳದೆ ಶುಕ್ರವಾರದ ಗಾಡಿಗೆ ಹೊರಟಿದ್ದಾನೆ, ನಿನ್ನ ಶಾಲೆಯ ಬಾಗಿಲಲ್ಲೇ ಎಲ್ಲರೆದುರು ಕಾಲಿಗೆ ಬಿದ್ದು ಕ್ಷಮೆ ಕೇಳಲು. ಶನಿವಾರ ನೀನೇ ಸ್ಟೇಶನ್ನಿಗೆ ಹೋಗಿ ತಡೆ. ಸೀರೆಯಲ್ಲಿ ಅವನಿಗೆ ನಿನ್ನ ಗುರುತು ಹತ್ತದು. ಶಿಬಿರದಲ್ಲಿದ್ದಂತೆ “ಲೇ ಮುರಿಗ್ಯಾ” ಎಂದು ಕೂಗು. ನಿಲ್ಲುತ್ತಾನೆ.